ಒಂದೇ ನೀರು, ಎರಡು ವರದಿ

ಆಂಧ್ರದ ಅನಂತಪುರ ಜಿಲ್ಲೆಯ ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪದಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಇದೆ. ಸುತ್ತಲಿನ ಊರುಗಳ ಬಾಯಲ್ಲಿ ನದಿಯ ಹೆಸರು ಹಗರಿ, ಅಣೆಕಟ್ಟಿನ ಹೆಸರು ಬಿಟಿಪಿ. ವರ್ಷಗಟ್ಟಲೆ ಇದರ ಅಂಗಳ ಒಣಗಿ ಬಿರಿದಿರುತ್ತದೆ. ಮೇಲೆ, ಚಿತ್ರದುರ್ಗ ಜಿಲ್ಲೆಯಲ್ಲಿ, ಮಾರಿಕಣಿವೆಯ ವಾಣಿವಿಲಾಸ ಸಾಗರ ಅದೇ ನದಿಯನ್ನು 1907ರಿಂದ ತಡೆದು ನಿಲ್ಲಿಸಿಕೊಂಡಿದೆ. ಅದು ತುಂಬಿ ಕೋಡಿ ಹರಿಯಬೇಕು, ಆಮೇಲೆ ಗುಮ್ಮಘಟ್ಟದ ಕಡೆಗೆ ಹಗರಿ ಮೈತುಂಬಿ ಬರಬೇಕು. 1933ರಲ್ಲಿ ಕೋಡಿ ಬಿದ್ದಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಆ ವರ್ಷ ಗುಮ್ಮಘಟ್ಟ ಸೇರಿದ ರಾಯದುರ್ಗ ಸೀಮೆಯ ಜನ ತಲೆಮಾರುಗಳಿಂದ ಕಾಣದ ಹೊಳೆಯನ್ನು ಕಂಡರು.

ಹೊಳೆ ಇಳಿಯಿತು. ಮರಳಿನಲ್ಲಿ ಅಲ್ಲಲ್ಲಿ ತಿಳಿನೀರಿನ ಗುಂಡಿಗಳು ಉಳಿದವು. ಬತ್ತಿದ್ದ ಬೋರುಗಳು ಚೇತರಿಸಿಕೊಂಡವು. ಬರಗಾಲದ ಸೀಮೆಗೆ ಇದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿಲ್ಲ. ಆದರೆ ಹೀಗೆ ಬಂದ ನೀರನ್ನು ಎರಡು ಪ್ರಶ್ನೆ ಕೇಳಲೇಬೇಕು. ಇದನ್ನು ಕುಡಿಯಬಹುದೆ? ಇದರಲ್ಲಿ ಚಳಿಜ್ವರದ ಸೊಳ್ಳೆ ಹುಟ್ಟುತ್ತದೆಯೆ? ಮೊದಲನೆಯದನ್ನು ಗ್ರಾಮೀಣ ನೀರು ಸರಬರಾಜಿನವರು ಕೇಳುತ್ತಾರೆ, ಎರಡನೆಯದನ್ನು ಆರೋಗ್ಯ ಇಲಾಖೆಯವರು. ಇವರ ಸೀಸೆ ಬೇರೆ, ಅವರ ಸೊಳ್ಳೆಮರಿ ಹುಡುಕುವ ಸೌಟು ಬೇರೆ. ಇವರ ವರದಿ ಒಂದು ಕಡೆ ಹೋಗುತ್ತದೆ, ಅವರದು ಇನ್ನೊಂದು ಕಡೆ. ಉಷ್ಣವಲಯದ ವೈದ್ಯವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿಯೂ ಮಲೇರಿಯಾದವರ ಗೋಷ್ಠಿ ಒಂದು ಸಭಾಂಗಣದಲ್ಲಿ, ನೀರಿನವರದು ಮತ್ತೊಂದರಲ್ಲಿ ನಡೆಯುವುದೇ ವಾಡಿಕೆ. ಗುಮ್ಮಘಟ್ಟದ ಹೆಣ್ಣುಮಗಳು ಮಾತ್ರ ಎರಡೂ ಪ್ರಶ್ನೆಗಳನ್ನು ಒಂದೇ ಕೊಡದಲ್ಲಿ ಹೊತ್ತು ಮನೆಗೆ ತರುತ್ತಾಳೆ.

ಈ ಎರಡು ಪ್ರಶ್ನೆಗಳ ಇತಿಹಾಸ ನಮ್ಮ ಸೀಮೆಯಲ್ಲೇ ಒಂದಕ್ಕೊಂದು ಹೆಣೆದುಕೊಂಡಿದೆ. ಅದನ್ನು ಬಿಡಿಸಿ ಎರಡು ಕೋಣೆಗಳಲ್ಲಿ ಇಟ್ಟದ್ದು ನಾವು.

ಬೆಂಗಳೂರಿನ ಪೀಪಾಯಿ, ಎಡಿನ್‌ಬರೋದ ತಂತಿ

ಮಲೇರಿಯಾ ಸಂಶೋಧನೆಯ ದೊಡ್ಡ ಹೆಸರು ರೊನಾಲ್ಡ್ ರಾಸ್. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಎಳೆಯ ವೈದ್ಯನಾಗಿದ್ದಾಗ ತನ್ನ ಬಂಗಲೆಯ ಕಿಟಕಿಯ ಬಳಿ ಇಟ್ಟಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳು ಮಿಜಿಗುಟ್ಟುವುದನ್ನು ಆತ ನೋಡಿದ. ನೀರು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾಯಿತು. ಹನ್ನೆರಡು ವರ್ಷಗಳ ನಂತರ, 1895ರಲ್ಲಿ, ಅದೇ ರಾಸ್‌ನನ್ನು ಸರ್ಕಾರ ಮತ್ತೆ ಬೆಂಗಳೂರಿಗೆ ಕಳಿಸಿತು. ಈ ಸಲ ಕಾಲರಾ ತಡೆಯುವ ಕೆಲಸಕ್ಕೆ. ಬಾವಿ, ಚರಂಡಿ, ಕೇರಿಗಳ ನೈರ್ಮಲ್ಯವನ್ನು ನೋಡಿಕೊಳ್ಳುತ್ತ ಆತ ದಂಡಿನ ಪ್ರದೇಶದ ಕಾಲರಾ ಮತ್ತು ನೈರ್ಮಲ್ಯದ ಬಗ್ಗೆ ವರದಿಯನ್ನೂ ಬರೆದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡು ಜಗತ್ಪ್ರಸಿದ್ಧನಾದವನು ಅದಕ್ಕೆ ಮುಂಚಿನ ವರ್ಷಗಳಲ್ಲಿ ಬೆಂಗಳೂರಿನ ಕುಡಿಯುವ ನೀರಿನ ಕೆಲಸದಲ್ಲಿದ್ದ. ಇದನ್ನು ಮಲೇರಿಯಾದ ಕಥೆ ಹೇಳುವವರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ನೀರಿನ ಬಳಿ ಬಗ್ಗಿ ನೋಡುವ ಅಭ್ಯಾಸ ಇಲ್ಲದ ವೈದ್ಯನಿಗೆ ಸೊಳ್ಳೆಯ ಗುಟ್ಟು ಸಿಗುತ್ತಿರಲಿಲ್ಲ.

ಆ ಗುಟ್ಟು ವಿದ್ವತ್ ಸಭೆಯ ಮುಂದೆ ಬಂದ ಬಗೆಯೂ ನೆನಪಿಡುವಂಥದ್ದು. 1898ರ ಜುಲೈನಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ವಾರ್ಷಿಕ ಸಭೆ ನಡೆಯಿತು. ಉಷ್ಣವಲಯದ ರೋಗಗಳಿಗೆಂದೇ ಒಂದು ಪ್ರತ್ಯೇಕ ವಿಭಾಗ ಅಲ್ಲಿ ಮೊದಲ ಬಾರಿಗೆ ಕೂಡಿತ್ತು, ಅದಕ್ಕೆ ಪ್ಯಾಟ್ರಿಕ್ ಮ್ಯಾನ್ಸನ್ ಅಧ್ಯಕ್ಷ. ರಾಸ್ ಆಗ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೇಲೆ ಕೆಲಸ ಮಾಡುತ್ತಿದ್ದ. ಪರಾವಲಂಬಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರಿ ಕಚ್ಚಿದಾಗ ಹಕ್ಕಿಗೆ ದಾಟುತ್ತದೆ ಎಂಬ ಫಲಿತಾಂಶವನ್ನು ಆತ ತಂತಿಯಲ್ಲಿ ಕಳಿಸಿದ. ಮ್ಯಾನ್ಸನ್ ಅದನ್ನು ಸಭೆಗೆ ತಿಳಿಸಿದ. ಕೆಲಸ ಮಾಡಿದವನು ಭಾರತದಲ್ಲಿ, ಮಂಡಿಸಿದವನು ಸ್ಕಾಟ್ಲೆಂಡಿನಲ್ಲಿ. ಸೊಳ್ಳೆ ಹಿಡಿದುಕೊಟ್ಟ, ರಕ್ತ ಕೊಟ್ಟ ನಮ್ಮ ಜನರಿಗೆ ಆ ಸುದ್ದಿಯನ್ನು ಹೇಳುವ ಸಭೆ ಯಾರೂ ಕರೆದಂತಿಲ್ಲ.

ಹಿರಿಯೂರಿನಿಂದ ಇಥಿಯೋಪಿಯಾಕ್ಕೆ

ಅದೇ 1898ರ ಹೊತ್ತಿಗೆ ಮಾರಿಕಣಿವೆಯ ಅಣೆಕಟ್ಟಿನ ಕಾಮಗಾರಿ ಶುರುವಾಗಿತ್ತು. ಕಲ್ಲು ಹೊರಲು ಬಂದ ಕೂಲಿಕಾರರನ್ನು ಚಳಿಜ್ವರ ಬಹಳ ಕಾಡಿತು. ಅಣೆಕಟ್ಟು ಮುಗಿದು ಹಿರಿಯೂರಿನ ಬಯಲಿಗೆ ಕಾಲುವೆ ಹರಿದ ಮೇಲೂ ಜ್ವರ ಬಿಡಲಿಲ್ಲ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ಕೇಂದ್ರಗಳನ್ನು ತೆರೆದಾಗ, ಮೈಸೂರಿನ ಬಳಿಯ ನಾಗೇನಹಳ್ಳಿ, ಮಲೆನಾಡಿನ ಮೂಡಿಗೆರೆಯ ಜೊತೆಗೆ ಹಿರಿಯೂರನ್ನೂ ಆರಿಸಿಕೊಂಡದ್ದಕ್ಕೆ ಕಾರಣ ಈ ಕಾಲುವೆಯ ಜ್ವರವೇ. ಗುಮ್ಮಘಟ್ಟದ ಹಗರಿ ಯಾವ ನದಿಯೋ, ಆ ನದಿಯ ಮೇಲ್ದಂಡೆಯಲ್ಲೇ ನಮ್ಮ ನಾಡಿನ ಮೊದಮೊದಲ ವ್ಯವಸ್ಥಿತ ಮಲೇರಿಯಾ ಸಂಶೋಧನೆ ನಡೆಯಿತು.

ಮೈಸೂರಿನ ಈ ಕೆಲಸದಲ್ಲಿದ್ದ ಡಬ್ಲ್ಯೂ.ಸಿ. ಸ್ವೀಟ್ ಮತ್ತು ಬಿ.ಎ. ರಾವ್ 1937ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯಲ್ಲಿ ಎರಡು ಬಗೆ ಇವೆ, ಅವನ್ನು ಮೊಟ್ಟೆ ನೋಡಿ ಗುರುತಿಸಬಹುದು ಎಂಬುದು ಅದರ ಸಾರ. ಮೊಟ್ಟೆಯ ಎರಡೂ ಪಕ್ಕದಲ್ಲಿ ನೀರಿನ ಮೇಲೆ ತೇಲಲು ಪುಟ್ಟ ತೇಲುಗಳಿರುತ್ತವೆ. ಅವುಗಳ ಮೇಲಿನ ಏಣುಗಳು ಒಂದು ಬಗೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಕಡಿಮೆ ಇರುವ ಬಗೆಗೆ ಅವರು ಇಟ್ಟ ಹೆಸರು ಮೈಸೊರೆನ್ಸಿಸ್. ಮೈಸೂರಿನ ಹೆಸರು ಹೀಗೆ ಕೀಟಶಾಸ್ತ್ರದಲ್ಲಿ ಶಾಶ್ವತವಾಗಿ ನಿಂತಿತು. ಹೆಚ್ಚು ಏಣಿನ ಬಗೆ ಪಟ್ಟಣಗಳಲ್ಲಿ ಮಲೇರಿಯಾ ಹರಡುವುದರಲ್ಲಿ ಮುಂದು. ಮೈಸೊರೆನ್ಸಿಸ್ ಹೆಚ್ಚಾಗಿ ಹಳ್ಳಿಯದು, ನಮ್ಮ ದೇಶದಲ್ಲಿ ಅಷ್ಟೊಂದು ಅಪಾಯಕಾರಿಯಲ್ಲ. ಸೂಕ್ಷ್ಮದರ್ಶಕದ ಕೆಳಗೆ ಏಣು ಎಣಿಸುವ ಈ ತಾಳ್ಮೆಯ ಕೆಲಸದ ಬೆಲೆ ಈಗ ತಿಳಿಯುತ್ತಿದೆ. ಸ್ಟೀಫೆನ್ಸಿ 2012ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ಇಥಿಯೋಪಿಯಾ, ಸುಡಾನ್, ನೈಜೀರಿಯಾ, ಕೀನ್ಯಾ. 2022ರಲ್ಲಿ ಇಥಿಯೋಪಿಯಾದ ಡಿರೆ ದಾವಾ ಪಟ್ಟಣದಲ್ಲಿ ಅದು ಮಲೇರಿಯಾ ಎಬ್ಬಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದಲ್ಲಿ ಅದನ್ನು ತಡೆಯಲೆಂದೇ ಒಂದು ಕಾರ್ಯಕ್ರಮ ಆರಂಭಿಸಿತು. ಇಂದು ಜಗತ್ತಿನ ಯಾವ ಮಲೇರಿಯಾ ಸಮ್ಮೇಳನದಲ್ಲೂ ಈ ಸೊಳ್ಳೆಯ ಮಾತಿಲ್ಲದೆ ಸಭೆ ಮುಗಿಯುವುದಿಲ್ಲ.

ಈ ಸೊಳ್ಳೆ ಎಲ್ಲಿ ಮೊಟ್ಟೆ ಇಡುತ್ತದೆ? ಸಿಮೆಂಟ್ ತೊಟ್ಟಿಯಲ್ಲಿ, ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ, ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ, ಬಾವಿಯಲ್ಲಿ. ಹಳ್ಳಿಗಾಡಿನ ಮುಖ್ಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕುಲಿಸಿಫೇಸೀಸ್ ಬೇರೆ. ಅದಕ್ಕೆ ಕಾಲುವೆಯ ಅಂಚು, ಜಿನುಗು ನೀರು, ಬಾವಿ, ಹೊಳೆ ಇಳಿದ ಮೇಲೆ ಮರಳಿನಲ್ಲಿ ಉಳಿಯುವ ಗುಂಡಿ ಇಷ್ಟ. ಎರಡಕ್ಕೂ ಬೇಕಾದದ್ದು ಬಹುಮಟ್ಟಿಗೆ ತಿಳಿಯಾದ ನೀರು. ಚರಂಡಿಯ ಕೊಳಕಿನಲ್ಲಿ ಹುಟ್ಟುವುದು ಆನೆಕಾಲು ರೋಗ ತರುವ ಕ್ಯೂಲೆಕ್ಸ್. ಮಲೇರಿಯಾ ಎಂದರೆ ಕೊಳಚೆ ಎಂದು ನಂಬಿದವರು ಮನೆಮುಂದಿನ ಗಟಾರಕ್ಕೆ ಪುಡಿ ಹಾಕಿಸಿ, ಒಳಗಿನ ತೊಟ್ಟಿಯನ್ನು ತೆರೆದೇ ಇಡುತ್ತಾರೆ. ಹಗರಿಯ ಮರಳಿನಲ್ಲಿ ಕನ್ನಡಿಯಂತೆ ಹೊಳೆಯುವ ಗುಂಡಿ ಆರೋಗ್ಯದ ಲಕ್ಷಣ ಎಂದು ಯಾರಿಗೂ ಅನಿಸಬಾರದು.

ತಿಳಿನೀರಿನೊಳಗಿನ ಇನ್ನೊಂದು ಕೇಡು

ತಿಳಿಯಾದ ನೀರು ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅನಂತಪುರ, ಪಾವಗಡ, ಚಳ್ಳಕೆರೆ ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಬೋರು ಆಳಕ್ಕೆ ಇಳಿದಷ್ಟೂ ಕಲ್ಲಿನ ಜೊತೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ಕರಗಿ ಉಳಿಯುವುದು ಸುಲಭ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ, ವರ್ಷಗಳು ಕಳೆದಂತೆ ಕೀಲುಗಳ ಬಿಗಿತ, ಬಾಗದ ಬೆನ್ನು.

ನಮ್ಮ ದೇಶದಲ್ಲಿ ಇದನ್ನು ಮೊದಲು ಗಮನಿಸಿದವರು ನೆಲ್ಲೂರು ಸೀಮೆಯ ರೈತರು. ಎತ್ತುಗಳು ಕಾಲು ಎತ್ತಿಡಲಾಗದೆ ನಿಲ್ಲುವುದನ್ನು ಅವರು ಕಂಡಿದ್ದರು. ಮನುಷ್ಯರಲ್ಲಿ ಅದೇ ಕಾಯಿಲೆ ಇರುವುದನ್ನು 1937ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದವರಲ್ಲಿ ಮುಖ್ಯರಾದವರು ಹೆನ್ರಿ ಎಡ್ವರ್ಡ್ ಶಾರ್ಟ್. ಆಗ ಅವರು ಮದರಾಸಿನ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಗುಮ್ಮಘಟ್ಟವಿರುವ ರಾಯದುರ್ಗ ತಾಲ್ಲೂಕೂ ಆಗ ಅದೇ ಮದರಾಸು ಪ್ರಾಂತದಲ್ಲಿ, ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗಲೇ ಅದು ಬಳ್ಳಾರಿಯಿಂದ ಬೇರೆಯಾದದ್ದು.

ಈ ಶಾರ್ಟ್ ಅವರ ಹೆಸರು ಮಲೇರಿಯಾ ಓದಿದವರಿಗೆಲ್ಲ ಗೊತ್ತು, ಬೇರೆ ಕಾರಣಕ್ಕೆ. ಸೊಳ್ಳೆ ಕಚ್ಚಿದ ಮೇಲೆ ಪರಾವಲಂಬಿ ನೇರವಾಗಿ ರಕ್ತದಲ್ಲಿ ಬೆಳೆಯುವುದಿಲ್ಲ, ಮೊದಲು ಪಿತ್ತಜನಕಾಂಗದಲ್ಲಿ ಅಡಗಿ ಬೆಳೆಯುತ್ತದೆ ಎಂದು 1948ರಲ್ಲಿ ತೋರಿಸಿಕೊಟ್ಟವರು ಶಾರ್ಟ್ ಮತ್ತು ಗಾರ್ನ್‌ಹ್ಯಾಮ್. ವೈವ್ಯಾಕ್ಸ್ ಮಲೇರಿಯಾ ಬಂದವರಿಗೆ ಜ್ವರ ಬಿಟ್ಟ ಮೇಲೂ 14 ದಿನ ಪ್ರೈಮಾಕ್ವಿನ್ ಮಾತ್ರೆ ಕೊಡುವುದು ಪಿತ್ತಜನಕಾಂಗದಲ್ಲಿ ಅಡಗಿ ಮಲಗಿದ್ದನ್ನು ಕೊಲ್ಲಲಿಕ್ಕೆ. ಮೂರನೇ ದಿನಕ್ಕೆ ಮೈ ಹಗುರಾಯಿತೆಂದು ಮಾತ್ರೆ ನಿಲ್ಲಿಸುವವರಿಗೆ ಈ ಕಾರಣವನ್ನು ಯಾರಾದರೂ ಕೂತು ಹೇಳಬೇಕು. ಒಬ್ಬರೇ ವಿಜ್ಞಾನಿ ಹನ್ನೊಂದು ವರ್ಷಗಳ ಅಂತರದಲ್ಲಿ ನೀರಿನ ಫ್ಲೋರೈಡನ್ನೂ ಮಲೇರಿಯಾದ ಅಡಗುದಾಣವನ್ನೂ ಜಗತ್ತಿಗೆ ತಿಳಿಸಿದರು. ಆ ಎರಡು ಪ್ರಬಂಧಗಳನ್ನು ಒಂದೇ ತರಗತಿಯಲ್ಲಿ ಓದಿಸುವ ಕಾಲೇಜು ಇದ್ದರೆ ನಾನು ಅದಕ್ಕೆ ಕೈಮುಗಿಯುತ್ತೇನೆ.

ಅಣೆಕಟ್ಟಿನ ನೀರು ಮೂಳೆಯವರೆಗೂ ತಲುಪುತ್ತದೆ ಎಂಬುದನ್ನು ತೋರಿಸಿದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ನಾಗಾರ್ಜುನಸಾಗರದ ಸುತ್ತ ಅಂತರ್ಜಲ ಏರಿದ ಮೇಲೆ ಫ್ಲೋರೈಡ್ ಪೀಡಿತ ಊರುಗಳ ಎಳೆಯರಲ್ಲಿ ಮೊಣಕಾಲು ಒಳಕ್ಕೆ ಬಾಗುವುದನ್ನು ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅಲ್ಲಿನ ಜೋಳದಲ್ಲಿ ಮಾಲಿಬ್ಡಿನಂ ಹೆಚ್ಚಿ, ದೇಹದಲ್ಲಿ ತಾಮ್ರದ ಅಂಶ ತಗ್ಗುವುದು ಕಾರಣಗಳಲ್ಲೊಂದು ಎಂದು ಆ ಸಂಸ್ಥೆಯ ಮುಂದಿನ ಅಧ್ಯಯನಗಳು ಹೇಳಿದವು. ಜೋಳ ಉಣ್ಣುವ ನಾಡಿಗೆ ಇದು ದೂರದ ಸುದ್ದಿಯಲ್ಲ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ ರೂಪಿಸಿತು. ಊರಿಗೆ ಊರೇ ಬಳಸುವಂಥ ಮೊದಲ ಘಟಕ 1980ರಲ್ಲಿ ನಿಂತದ್ದು ಇದೇ ಅನಂತಪುರ ಜಿಲ್ಲೆಯಲ್ಲಿದ್ದ ಕದಿರಿಯಲ್ಲಿ. 1990ರ ದಶಕದ ನಡುವಿನಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕೊಳವೆ ಎಳೆಯಿತು. ಕದಿರಿಯೂ, ಆಗ ಅನಂತಪುರ ಜಿಲ್ಲೆಯಲ್ಲೇ ಇದ್ದ ಗಡಿಯ ಮಡಕಶಿರಾವೂ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ.

ತೊಟ್ಟಿಯ ಲೆಕ್ಕ

ನೀರಿನ ಅಭಾವ ಸೊಳ್ಳೆಯನ್ನು ಹೇಗೆ ಸಾಕುತ್ತದೆ ಎಂಬುದು ಇಂಥ ಊರಿನಲ್ಲಿ ಕಣ್ಣಿಗೆ ಕಾಣುತ್ತದೆ. ನಲ್ಲಿಯಲ್ಲಿ ದಿನವೂ ನೀರು ಬರುವುದಿಲ್ಲ, ಬಂದ ದಿನ ತುಂಬಿಟ್ಟುಕೊಳ್ಳಬೇಕು. ಅಡುಗೆಮನೆಯ ಹಂಡೆ, ಬಚ್ಚಲ ತೊಟ್ಟಿ, ದನಗಳ ಬಾನಿ, ಅಂಗಳದ ಡ್ರಮ್ಮು, ಮೇಲಿನ ಸಿಂಟೆಕ್ಸು. ಕುಡಿಯಲು ಮಾತ್ರ ಇಪ್ಪತ್ತು ಲೀಟರಿನ ಕ್ಯಾನು, ಶುದ್ಧ ನೀರಿನ ಘಟಕದಿಂದ. ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಆ ನೀರು ಕುಡಿಯಲಿಕ್ಕಾಗದೆ ಬಳಕೆಗೆಂದು ತೊಟ್ಟಿಗಳಲ್ಲಿ ಹೆಚ್ಚು ದಿನ ಕೂರುತ್ತದೆ. ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಮರಿಯಾಗಿ, ರೆಕ್ಕೆ ಬಂದು ಹಾರಲು ನಮ್ಮ ಸೆಕೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಹೀಗೆ ರಸಾಯನದ ತೊಂದರೆ ಸೊಳ್ಳೆಯ ತೊಂದರೆಯಾಗಿ ಬೆಳೆಯುತ್ತದೆ. ಶುದ್ಧೀಕರಣದಲ್ಲಿ ಹೊರಬೀಳುವ ತ್ಯಾಜ್ಯ ನೀರು ಘಟಕದ ಹಿಂದೆ ಹೊಂಡ ಕಟ್ಟಿದರೆ ಇನ್ನೊಂದು ಸಮಸ್ಯೆ. ನೀರು ಪರೀಕ್ಷಿಸುವವರು ಬೋರಿನ ಬಾಯಿಂದ ಮಾದರಿ ಹಿಡಿಯುತ್ತಾರೆ, ಮನೆಯ ತೊಟ್ಟಿ ಅವರ ಕೆಲಸವಲ್ಲ. ಸೊಳ್ಳೆಮರಿ ಹುಡುಕುವವರು ತೊಟ್ಟಿಯಲ್ಲಿ ಸೌಟು ಮುಳುಗಿಸುತ್ತಾರೆ, ಈ ನೀರು ಇಲ್ಲಿ ಯಾಕೆ ಇಷ್ಟು ದಿನ ನಿಂತಿದೆ ಎಂದು ಕೇಳುವುದು ಅವರ ಕೆಲಸವಲ್ಲ. ಎರಡೂ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಮಾತ್ರ ಅರ್ಥ ಹೊರಡುತ್ತದೆ.

ಹಾಗೆ ಬರೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮಲ ಬೆರೆತ ನೀರನ್ನು ಕಪ್ಪು ಬಣ್ಣದಿಂದ ಗುರುತಿಸುವ ಅಗ್ಗದ ಸೀಸೆಯ ಪರೀಕ್ಷೆಯನ್ನು ಭಾರತದ ಮಂಜ, ಮೌರ್ಯ ಮತ್ತು ರಾವ್ ಅವರು 1982ರಲ್ಲೇ ಪ್ರಕಟಿಸಿದ್ದಾರೆ. ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸಲು ಕಲಿಸುವ ಏರ್ಪಾಡು ಮಾಡಿದೆ. ಆಶಾ ಕಾರ್ಯಕರ್ತೆ ಬೆರಳ ತುದಿಯ ಒಂದು ಹನಿ ರಕ್ತದಿಂದ ಕಾಲು ಗಂಟೆಯಲ್ಲಿ ಮಲೇರಿಯಾ ಗುರುತಿಸುತ್ತಾಳೆ. ಇವರೆಲ್ಲ ಒಂದೇ ಬೀದಿಯವರು. ಇವರನ್ನು ತಿಂಗಳಿಗೊಮ್ಮೆ ಒಂದೇ ಜಗಲಿಯಲ್ಲಿ ಕೂರಿಸುವ ಆದೇಶವೊಂದು ಸಾಕು.

ಕರ್ನಾಟಕದಲ್ಲಿ ಈ ದಾರಿಯಲ್ಲಿ ನಡೆದ ಕೆಲಸವಿದೆ. ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕದ ಎಸ್.ಕೆ. ಘೋಷ್, ಎಸ್.ಎನ್. ತಿವಾರಿ ಮತ್ತು ಸಂಗಡಿಗರು ಹಳ್ಳಿಯ ಬಾವಿ, ಹೊಂಡಗಳಲ್ಲಿ ಸೊಳ್ಳೆಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು ಕುಲಿಸಿಫೇಸೀಸ್ ಸೊಳ್ಳೆಯನ್ನು ಹತ್ತಿಕ್ಕಿದರು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಸಾಯುತ್ತವೆಂದು ಔಷಧಿ ಸಿಂಪಡಿಸಲು ಬಿಡುವುದಿಲ್ಲ. ಅಂಥ ಕಡೆ ಮೀನು ಒಳ್ಳೆಯ ಉತ್ತರ. ರೇಷ್ಮೆಯ ಮಡಕಶಿರಾಕ್ಕೂ ಇದು ಹೊಂದುತ್ತದೆ. ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಮೀನು, ನಾಡಮೀನುಗಳಿಗೆ ಕಂಟಕವಾಗಬಲ್ಲದು. ಅದನ್ನು ಕೆರೆ, ಹೊಳೆಗೆ ಬಿಡದೆ ಬಾವಿ, ತೊಟ್ಟಿಯಲ್ಲೇ ಇರಿಸಬೇಕು. ಕರ್ನಾಟಕದ ಈ ಫಲಿತಾಂಶ 2005ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಅಂಡ್ ಹೈಜೀನ್‌ನ ಪತ್ರಿಕೆಯಲ್ಲಿ ಅಚ್ಚಾಯಿತು.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು 2001ರ ಡಿಸೆಂಬರಿನ ಕೆಲಸ. ಘೋಷ್ ಮತ್ತು ಸಂಗಡಿಗರು ಮಡಕಶಿರಾದ ನೆರೆಯ ತುಮಕೂರು ಜಿಲ್ಲೆಯಲ್ಲಿ ಮಲೇರಿಯಾದ ವಿಜ್ಞಾನವನ್ನು ಕಲಾಜಾಥಾ ಮಾಡಿ ಊರೂರಿಗೆ ಒಯ್ದರು. ಸೊಳ್ಳೆ, ರಕ್ತಪರೀಕ್ಷೆ, ಮಾತ್ರೆ, ಮೀನು, ಎಲ್ಲವೂ ಹಾಡು ಮತ್ತು ಆಟದ ರೂಪದಲ್ಲಿ, ಸ್ಥಳೀಯ ಕಲಾವಿದರಿಂದ. ಎರಡು ತಿಂಗಳ ಮೇಲೆ ಆಟ ನೋಡಿದವರನ್ನೂ ನೋಡದವರನ್ನೂ ಕೇಳಿ ಹೋಲಿಸಿದರು. ನೋಡಿದವರ ತಿಳಿವಳಿಕೆ ಮೇಲಾಗಿತ್ತು. ಇದನ್ನೂ ಅವರು ಪ್ರಬಂಧವಾಗಿ 2006ರಲ್ಲಿ ಪ್ರಕಟಿಸಿದರು. ಸಂಶೋಧನೆಯನ್ನು ಮಂಡಿಸುವುದು ಎಂದರೆ ಇದೂ ಹೌದು. ಕೇಳುವವರು ತೊಟ್ಟಿಯ ಒಡೆಯರು, ಕೇಳಿದ ಮೇಲೆ ಮನೆಗೆ ಹೋಗಿ ಮುಚ್ಚಳ ಮುಚ್ಚಬಲ್ಲವರು.

ಅಂತರರಾಷ್ಟ್ರೀಯ ವೇದಿಕೆ ಬೇಡವೆಂದು ಇದರ ಅರ್ಥವಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಉಷ್ಣವಲಯದ ವೈದ್ಯವಿಜ್ಞಾನ ಮತ್ತು ಮಲೇರಿಯಾದ ಮಹಾಸಮ್ಮೇಳನ ಸೇರುತ್ತದೆ. 2012ರಲ್ಲಿ ರಿಯೊ, 2016ರಲ್ಲಿ ಬ್ರಿಸ್ಬೇನ್. ಅಲ್ಲಿ ಒಬ್ಬ ಎಳೆಯ ಸಂಶೋಧಕನಿಗೆ ಸಿಗುವುದು ಹತ್ತು ನಿಮಿಷದ ಮಾತು ಅಥವಾ ಗೋಡೆಗೆ ಹಚ್ಚುವ ಒಂದು ಪೋಸ್ಟರು. ಆದರೂ ಡಿರೆ ದಾವಾದ ವೈದ್ಯನಿಗೆ ಸಿಮೆಂಟ್ ತೊಟ್ಟಿಯ ಅನುಭವವನ್ನು ದಾಟಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಒಣನಾಡಿನ ವಿದ್ಯಾರ್ಥಿಗಳು ಅಲ್ಲಿಗೆ ಹೋಗಬೇಕು, ಫ್ಲೋರೈಡ್ ಮತ್ತು ಸೊಳ್ಳೆಮರಿಯ ಲೆಕ್ಕವನ್ನು ಒಂದೇ ಪೋಸ್ಟರಿನಲ್ಲಿ ತೋರಿಸಬೇಕು.

ದೇಶಕ್ಕೆ ಈಗ ಅದರ ಅಗತ್ಯವೂ ಇದೆ. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1965ರ ಹೊತ್ತಿಗೆ ಪ್ರಕರಣಗಳು ಲಕ್ಷದ ಆಸುಪಾಸಿಗೆ ಇಳಿದವು. ಮುಗಿಯಿತೆಂದು ಕೈಬಿಟ್ಟೆವು. 1976ರಲ್ಲಿ 64 ಲಕ್ಷಕ್ಕೆ ಏರಿದವು. ಈಗ ಮತ್ತೆ ಇಳಿದಿವೆ, 2030ಕ್ಕೆ ನಿರ್ಮೂಲನೆಯ ಗುರಿಯಿದೆ. ಪ್ರಕರಣ ಕಡಿಮೆಯಾದ ಕಾಲದಲ್ಲಿ ಗಡಿನಾಡೇ ದುರ್ಬಲ ಕೊಂಡಿ. ಗುಮ್ಮಘಟ್ಟದವನು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿ ಜ್ವರ ಹಿಡಿಸಿಕೊಂಡು ಬರಬಹುದು, ಬಳ್ಳಾರಿಯ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ಹಾಗಾದಾಗ ಅವನ ಹೆಸರು ಕರ್ನಾಟಕದ ಪಟ್ಟಿಯಲ್ಲಿ, ಅವನ ಮನೆಯ ತೊಟ್ಟಿ ಆಂಧ್ರದಲ್ಲಿ. ಎರಡೂ ರಾಜ್ಯಗಳ ತಾಲ್ಲೂಕು, ಮಂಡಲ ಮಟ್ಟದ ಅಧಿಕಾರಿಗಳು ವಾರಕ್ಕೊಮ್ಮೆ ಪಟ್ಟಿ ಬದಲಾಯಿಸಿಕೊಳ್ಳುವುದು ಫೋನಿನಲ್ಲಿ ಮುಗಿಯುವ ಕೆಲಸ.

ಸಂಶೋಧಕರಲ್ಲಿ ನನ್ನ ಕೋರಿಕೆ ಒಂದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಸಂಶೋಧನೆಯ ಫಲ ಅದರಲ್ಲಿ ಪಾಲ್ಗೊಂಡ ಸಮುದಾಯಕ್ಕೂ ಸಿಗಬೇಕೆಂದು ಹೇಳುತ್ತದೆ. ಹಗರಿಯ ದಂಡೆಯಲ್ಲಿ ರಕ್ತದ ಹನಿ ತೆಗೆದವರು, ಬೋರಿನ ನೀರು ಸೀಸೆಗೆ ತುಂಬಿದವರು, ಪ್ರಬಂಧ ಹೊರದೇಶಕ್ಕೆ ಕಳಿಸುವ ಮುನ್ನ ಅದೇ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಓದಿ ಹೇಳಿ. ಯಾವ ಬೋರಿನಲ್ಲಿ ಎಷ್ಟು ಫ್ಲೋರೈಡ್, ಯಾವ ಬೀದಿಯ ತೊಟ್ಟಿಗಳಲ್ಲಿ ಸೊಳ್ಳೆಮರಿ ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಓದುಗರಲ್ಲೂ ಒಂದು ಮಾತು: ನಿಮ್ಮ ಊರಿನಲ್ಲಿ ಯಾರಾದರೂ ನೀರಿನ ಮಾದರಿ ಒಯ್ದಿದ್ದರೆ ಅದರ ಫಲಿತಾಂಶ ಕೇಳಿ ಪಡೆಯಿರಿ, ಮನೆಯ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಿ.